ಹದಿಮೂರು ದಿನದ ವಾಯಿದೆ

ಶಿವಮೊಗ್ಗದ ಬಾಲರಾಜ ಅರಸ್ ರಸ್ತೆಯಲ್ಲಿ, ಕೋರ್ಟಿನ ಹತ್ತಿರ,
ನನ್ನದೊಂದು ಜೆರಾಕ್ಸ್ ಅಂಗಡಿ.
ಒಂಬತ್ತು ವರ್ಷದಿಂದ ಊರವರ ಜಗಳಗಳನ್ನು
ಪುಟಕ್ಕೆ ಎರಡು ರೂಪಾಯಿಯಂತೆ ಪ್ರತಿ ಮಾಡಿದ್ದೇನೆ.
ಭಾಗಪತ್ರ, ಚೆಕ್ ಬೌನ್ಸು, ಜೀವನಾಂಶ.
ಓದುವುದಿಲ್ಲ. ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಈ ಸಲ ಗಾಜಿನ ಮೇಲೆ ಬೋರಲು ಮಲಗಿದ್ದು
ನನ್ನದೇ ಅರ್ಜಿ. ಓಂಕಾರ ಮತ್ತು ಶಶಿರೇಖಾ,
ಪರಸ್ಪರ ಒಪ್ಪಿಗೆಯ ಮೇರೆಗೆ.
ಅದರ ಹಿಂದೆಯೇ ಇನ್ನೊಂದು ಹಾಳೆ,
ಕುಟುಂಬ ಆರೋಗ್ಯ ವಿಮೆ. ಮೊದಲ ಹೆಸರು ಅವನದು,
ಎರಡನೆಯದು ನನ್ನದು. ಸಂಬಂಧ: ಪತ್ನಿ.
ನವೆಂಬರ್ ಹನ್ನೆರಡರ ನಡುರಾತ್ರಿಯವರೆಗೆ.

ನನ್ನ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು.
ಸದ್ಯಕ್ಕೆ ಏನಿಲ್ಲ, ಆರು ತಿಂಗಳಿಗೊಮ್ಮೆ ತೋರಿಸಿ,
ಅಂದಿದ್ದರು ಡಾಕ್ಟರು.
ಆ ಸದ್ಯಕ್ಕೆ ಎಂಬ ಮಾತಿನ ಮೇಲೆ
ನಾಲ್ಕು ವರ್ಷ ಮಗ್ಗುಲು ಬದಲಿಸಿದ್ದೇನೆ.

ಸಿಟ್ಟಿನಲ್ಲಿ ಅಂದಿದ್ದೆ: ಅವನ ಹೆಸರಿನ ಕೆಳಗಿರುವುದನ್ನೆಲ್ಲ
ಇವತ್ತೇ ಹರಿದು ಹಾಕುತ್ತೇನೆ.
ದುರ್ಗಿಗುಡಿಯ ಏಜೆಂಟ್ ಬೆನೆಡಿಕ್ಟ್ ಲೋಬೊ
ಕನ್ನಡಕ ಒರೆಸಿಕೊಂಡರು.
"ಮೋಡ ನೋಡಿ ಕೊಡದ ನೀರು ಚೆಲ್ಲಬೇಡಿ ಮೇಡಂ.
ಹೊಸದು ಕೈಗೆ ಬರಲಿ, ಆಮೇಲೆ ಹಳೆಯದನ್ನು ಬಿಡಿ.
ನಲವತ್ತೈದು ದಿನ ಮೊದಲೇ ಅರ್ಜಿ ಹೋಗಬೇಕು.
ಗಂಟಿನ ವಿಷಯ ಮುಚ್ಚಿಡಬೇಡಿ, ರಿಪೋರ್ಟ್ ಸಮೇತ ಬರೆಯಿರಿ.
ಹಳೆ ಪಾಲಿಸಿಯಲ್ಲಿ ಕಾದ ಮೂರು ವರ್ಷ ಇದೆಯಲ್ಲ,
ಅದು ನಿಮ್ಮ ಜೊತೆಗೇ ಬರುತ್ತದೆ.
ನಡುವೆ ತಪ್ಪಿಹೋಯಿತೋ, ಮತ್ತೆ ಒಂದರಿಂದ ಎಣಿಸಿ."

ಕಾದ ವರ್ಷಗಳು ಜೊತೆಗೆ ಬರುತ್ತವಂತೆ!
ಮನೆಯೊಳಗೆ ಕಾದದ್ದಕ್ಕೆ ಯಾವ ಕಚೇರಿ, ಯಾವ ಫಾರಂ,
ಕೇಳಬೇಕೆನಿಸಿತು. ಲೋಬೊ ಪಾಪದವರು. ಕೇಳಲಿಲ್ಲ.

ತೊಡಕು ಒಂದೇ. ಕೋರ್ಟಿನ ತಾರೀಖು ಅಕ್ಟೋಬರ್ ಮೂವತ್ತು.
ಅಂದೇ ಡಿಕ್ರಿಯಾದರೆ ಅಂದಿನಿಂದ ನಾನು ಪತ್ನಿಯಲ್ಲ.
ಪತ್ನಿಯಲ್ಲದವಳಿಗೆ ಆ ಹಾಳೆಯಲ್ಲಿ ಜಾಗವಿಲ್ಲ.
ಹದಿಮೂರು ದಿನ, ಎರಡು ಸೂರುಗಳ ನಡುವೆ, ಬರಿತಲೆ.

ಬೇಗ ಮುಗಿಸಿ ಬೇಗ ಮುಗಿಸಿ ಎಂದು
ವಕೀಲರ ಬೆನ್ನು ಹತ್ತಿದ್ದ ನಾನೇ ವಾಯಿದೆ ಕೇಳಿದೆ.
ನ್ಯಾಯಾಧೀಶರು ಮುಖ ಎತ್ತಿದರು.
"ಮನಸ್ಸು ಬದಲಾಗಿದೆಯಾ?"
ಇಲ್ಲ ಸ್ವಾಮಿ, ಸ್ವಲ್ಪ ಸಮಯ ಬೇಕು.
ಸಂಜೆಯೊಳಗೆ ಸುದ್ದಿ ಹೊಸನಗರ ಮುಟ್ಟಿ
ನಾದಿನಿ ಫೋನಿನಲ್ಲಿ ಅತ್ತಳು: ದೇವರು ದೊಡ್ಡವನು ಅತ್ತಿಗೆ.
ಪ್ರೀಮಿಯಂ ಅಂತ ಅವಳಿಗೆ ಹೇಗೆ ಹೇಳಲಿ.

ಓಂಕಾರ ಮಾತ್ರ ಕಾರಣ ಕೇಳಲಿಲ್ಲ.
ಬೇಕಾದ ಹಳೆ ಕಾಗದ ತಂದುಕೊಟ್ಟ, ಬೈಕಿನಿಂದ ಇಳಿಯದೆ,
ಹೆಲ್ಮೆಟ್ಟಿನೊಳಗಿಂದಲೇ ಅಂದ: "ಸ್ಕ್ಯಾನ್ ಯಾವಾಗ?"
ಹನ್ನೊಂದು ವರ್ಷದಲ್ಲಿ ಕೇಳದ ಪ್ರಶ್ನೆ.
ಸಿಟ್ಟು ಬರಬೇಕಿತ್ತು. ಡಿಸೆಂಬರ್, ಅಂದೆ.

ಹನ್ನೆರಡರ ರಾತ್ರಿ ನಿದ್ದೆ ಬರದೆ ಎದ್ದು ಕೂತೆ.
ಒಂದು ಮುಗಿಯಿತು, ಒಂದು ಶುರುವಾಯಿತು,
ನಡುವೆ ಉಗುರು ತೂರುವಷ್ಟೂ ಸಂದಿಯಿಲ್ಲ.
ಗಂಟು ಮುಟ್ಟಿಕೊಂಡೆ. ಇದ್ದಲ್ಲೇ ಇತ್ತು.
ಫ್ಯಾನು ತಿರುಗುತ್ತಿತ್ತು. ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿದರು.

ಡಿಕ್ರಿ ಆದದ್ದು ಇಪ್ಪತ್ತನಾಲ್ಕಕ್ಕೆ, ನಾಲ್ಕು ನಿಮಿಷದಲ್ಲಿ.
ವಾರ ಕಳೆದು ಅದರ ನಕಲು ಹಿಡಿದು
ಓಂಕಾರ ನನ್ನ ಅಂಗಡಿಗೇ ಬಂದ. ರಸ್ತೆಯಲ್ಲಿ ಇನ್ನೂ ಮೂರು ಜೆರಾಕ್ಸ್ ಇವೆ.
"ನನ್ನ ಪಾಲಿಸಿ ಕಟ್ಟೋದು ಮರೆತೇ ಹೋಯ್ತು" ಅಂದ.
ತಿಂಗಳ ಗಡುವಿದೆ, ಇವತ್ತೇ ಕಟ್ಟು ಅಂದೆ.
ಗಡುವು ಇದ್ದರೂ ಈ ದಿನಗಳಲ್ಲಿ ಬಿದ್ದರೆ
ಹಿಡಿಯುವವರು ಯಾರೂ ಇರುವುದಿಲ್ಲ.
ತಲೆಯಾಡಿಸಿದ, ಎಂದಿನಂತೆ, ಕೇಳಿಸಿತೋ ಇಲ್ಲವೋ.

ಐದು ಪುಟ. ಹತ್ತು ರೂಪಾಯಿ.
ಕೊಟ್ಟ. ತಗೊಂಡೆ.